ಲಿನಕ್ಸ್ ಎಳೆದಾಡ್ತಿದೆಯಾ? ಸ್ಕ್ರೀನ್ ಬಿಡಿಸುತ್ತಿರುವುದು ಯಾರು ಅಂತ ಮೊದಲು ನೋಡಿ

‘ಸಿಸ್ಟಮ್ ಸ್ಲೋ ಆಗಿದೆ, ಡ್ರೈವರ್ ಕಳಿಸಿ’ ಅಂತ ನನಗೆ ಫೋನ್ ಬರುತ್ತಲೇ ಇರುತ್ತದೆ. ಡ್ರೈವರ್, ಅಂದರೆ ಹಾರ್ಡ್‌ವೇರನ್ನು ನಡೆಸುವ ಸಾಫ್ಟ್‌ವೇರ್, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುವ ವಸ್ತು ಅನ್ನುವುದು ವಿಂಡೋಸ್ ಕಾಲದ ಅಭ್ಯಾಸ. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇದ್ದರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಡ್ರೈವರಿನ ಒಂದು ಭಾಗ ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ, ಇನ್ನೊಂದು ಮೆಸಾ ಅನ್ನುವ ಪ್ಯಾಕೇಜಿನಲ್ಲಿ. ಎರಡೂ ಸಿಸ್ಟಮ್ ಜೊತೆಗೇ ಬರುತ್ತವೆ. ತಲೆನೋವು ಜಾಸ್ತಿ ಎನ್‌ವಿಡಿಯಾ ಕಾರ್ಡಿನವರಿಗೆ.

ಲಿನಕ್ಸ್‌ನ ಎರಡು ಬಗೆಗಳಾದ ಉಬುಂಟು, ಮಿಂಟ್ ಇಟ್ಟುಕೊಂಡು ಹೇಳುತ್ತೇನೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೇ ಬರೆದಿದ್ದೇನೆ.

ಮೊದಲು ಮೆಸಾ-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಜಿಎಲ್ಎಕ್ಸ್‌ಇನ್ಫೋ, ಒಂದು ಸ್ಪೇಸ್, ಮೈನಸ್, ದೊಡ್ಡಕ್ಷರದ ಬಿ. ‘ಓಪನ್‌ಜಿಎಲ್ ರೆಂಡರರ್’ ಅನ್ನುವ ಸಾಲು ಹುಡುಕಿ. ಅಲ್ಲಿ ನಿಮ್ಮ ಕಾರ್ಡಿನ ಹೆಸರಿದ್ದರೆ ಸರಿ. ‘ಎಲ್ಎಲ್‌ವಿಎಂಪೈಪ್’ ಅಂತಿದ್ದರೆ ಕಾರ್ಡ್ ಸುಮ್ನೆ ಕೂತಿದೆ, ಸ್ಕ್ರೀನಿನ ಚಿತ್ರವನ್ನೆಲ್ಲ ಸಿಪಿಯುವೇ ಬಿಡಿಸುತ್ತಿದೆ. ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ನಿಲ್ಲಿಸಿ ಹೊಲವನ್ನೆಲ್ಲ ಗುದ್ದಲಿಯಲ್ಲಿ ಅಗೆದ ಹಾಗೆ. ಫ್ಯಾನ್ ಕಿರುಚದೆ ಇನ್ನೇನು ಮಾಡೀತು?

ಇದಕ್ಕೆ ನಾನು ಮೊದಲು ಅನುಮಾನಪಡುವುದು ಗ್ರಾಫಿಕ್ಸ್ ಡ್ರೈವರನ್ನು ತಡೆಹಿಡಿಯುವ ‘ನೋಮೋಡ್‌ಸೆಟ್’ ಅನ್ನುವ ಪದವನ್ನು. ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಗುತ್ತದೆ ಅಂತ ‘ಸೇಫ್ ಗ್ರಾಫಿಕ್ಸ್’ ಆರಿಸಿರುತ್ತೀರಿ. ಆ ಪದ ಆಮೇಲೂ ಸಿಸ್ಟಮ್ ಬೂಟ್ ಮಾಡಿಸುವ ಗ್ರಬ್‌ನಲ್ಲಿ ಉಳಿದುಬಿಟ್ಟಿರಬಹುದು. ಕ್ಯಾಟ್, ಸ್ಪೇಸ್, ಸ್ಲ್ಯಾಶ್ ಪ್ರಾಕ್ ಸ್ಲ್ಯಾಶ್ ಸಿಎಂಡಿಲೈನ್ ಕೊಟ್ಟರೆ ಇದೆಯೋ ಇಲ್ಲವೋ ಕಾಣುತ್ತದೆ. ಇದ್ದರೆ ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿ ಗ್ರಬ್ ಫೈಲ್ ತೆರೆದು ಆ ಒಂದು ಪದ ಅಳಿಸಿ. ಸುಡೋ ಅಪ್‌ಡೇಟ್-ಗ್ರಬ್ ಕೊಟ್ಟು ರೀಬೂಟ್ ಮಾಡಿ.

ಎನ್‌ವಿಡಿಯಾದವರು ‘ಅಡಿಷನಲ್ ಡ್ರೈವರ್ಸ್’ ಅಥವಾ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ಮೂಲಕವೇ ಹಾಕಿಕೊಳ್ಳಿ. ಕಂಪನಿಯ ಸೈಟಿನಿಂದ ‘.ರನ್’ ಫೈಲ್ ಇಳಿಸಿ ಹಾಕುವ ಸಾಹಸ ಬೇಡವೇ ಬೇಡ. ಮುಂದಿನ ಕರ್ನೆಲ್ ಅಪ್‌ಡೇಟ್‌ಗೆ ಕೈಕೊಟ್ಟರೆ ಬಿಡಿಸುವುದು ಕಷ್ಟ.

ಡ್ರೈವರ್ ಹಾಕಿದ್ದೂ ಕೆಲಸ ಮಾಡುತ್ತಿಲ್ಲ ಅಂದರೆ ನಂಬಿಕೆಯ ಕೀಲಿ ಇಲ್ಲದ ಸಾಫ್ಟ್‌ವೇರನ್ನು ತಡೆಯುವ ಸೆಕ್ಯೂರ್ ಬೂಟ್ ನೋಡಿ. ನಮ್ಮ ಅಕ್ಕನ ಮಗ 3ಡಿ ಚಿತ್ರ ಮಾಡುವ ಬ್ಲೆಂಡರ್ ಕಲಿಯಬೇಕು ಅಂತ ಲ್ಯಾಪ್‌ಟಾಪಿಗೆ ಉಬುಂಟು ಹಾಕಿಕೊಂಡ. ಡ್ರೈವರನ್ನೂ ಹಾಕಿದ. ರೀಬೂಟ್ ಮಾಡಿದಾಗ ನೀಲಿ ಪರದೆ. ‘ಮಾಮ, ವೈರಸ್ ಇರಬೇಕು ಅಂತ ಕಂಟಿನ್ಯೂ ಬೂಟ್ ಒತ್ತಿಬಿಟ್ಟೆ’ ಅಂದ. ಅದು ವೈರಸ್ ಅಲ್ಲ. ಹೊಸ ಡ್ರೈವರಿನ ಕೀಲಿಯನ್ನು ನಂಬಬಹುದಾ ಅಂತ ಕೇಳುವ ಮೋಕ್ (ಯಂತ್ರದ ಮಾಲೀಕರ ಕೀಲಿ) ಪರದೆ. ಹಾಗೇ ದಾಟಿ ಬಂದರೆ ಕರ್ನೆಲ್ ಆ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸುಡೋ ಮಾಡ್‌ಪ್ರೋಬ್ ಎನ್‌ವಿಡಿಯಾ ಕೊಟ್ಟು ನೋಡಿ. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಅಂದರೆ ಕಾಯಿಲೆ ಇದೇ.

ಉಬುಂಟುವಿನಲ್ಲಿ ಮದ್ದು: ಸುಡೋ, ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ, ಸ್ಪೇಸ್, ಮೈನಸ್ ಮೈನಸ್ ಎನ್ರೋಲ್-ಕೀ. ಒಂದು ಪಾಸ್‌ವರ್ಡ್ ಕೇಳುತ್ತದೆ. ಆ ನೀಲಿ ಪರದೆಗೆ ಮಾತ್ರ ಅದು ಬೇಕು, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ರೀಬೂಟ್ ಆದಾಗ ಪರದೆಯ ಮುಂದೆಯೇ ಕೂತಿರಿ. ಕೆಲವೇ ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಯಾವುದಾದರೂ ಕೀ ಒತ್ತಬೇಕು. ಆಮೇಲೆ ‘ಎನ್ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’. ಬಂದಮೇಲೆ ಎನ್‌ವಿಡಿಯಾ-ಎಸ್ಎಂಐ ಕೊಟ್ಟರೆ ಕಾರ್ಡಿನ ಹೆಸರು, ಬಿಸಿ, ಮೆಮೊರಿ ಎಲ್ಲ ಪಟ್ಟಿಯಾಗಿ ಬರುತ್ತದೆ.

ಅವನ ಮುಂದಿನ ಫೋನು: ‘ಜಿಎಲ್ಎಕ್ಸ್‌ಇನ್ಫೋದಲ್ಲಿ ಇನ್ನೂ ಇಂಟೆಲ್ ಅಂತಲೇ ಬರ್ತಿದೆ.’ ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಅದು ತಪ್ಪಲ್ಲ. ಬ್ಯಾಟರಿ ಉಳಿಯಲಿ ಅಂತ ಡೆಸ್ಕ್‌ಟಾಪನ್ನು ಇಂಟೆಲ್ ನೋಡಿಕೊಳ್ಳುತ್ತದೆ. ಬ್ಲೆಂಡರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡ್’ ಅಂತಿರುವುದನ್ನು ಆರಿಸಿದರೆ ಅದೊಂದಕ್ಕೆ ಎನ್‌ವಿಡಿಯಾ ಎದ್ದು ಬರುತ್ತದೆ.

ಹಳೇ ಎನ್‌ವಿಡಿಯಾ ಕಾರ್ಡ್ ತರುವವರಿಗೆ ಒಂದು ಮಾತು. ಜಿಟಿಎಕ್ಸ್ 400, 500 ಸಾಲಿನವಕ್ಕೆ ಬೇಕಾದ 390 ಡ್ರೈವರಿನ ಬೆಂಬಲ 2022ಕ್ಕೇ ಮುಗಿಯಿತು. ಅವುಗಳ ನಂತರದ ಕೆಪ್ಲರ್ ಪೀಳಿಗೆಯ ಕಾರ್ಡುಗಳ 470 ಡ್ರೈವರಿನ ಬೆಂಬಲ ಕೂಡ 2024ರಲ್ಲಿ ಮುಗಿಯಿತು. ಹೊಸ ಕರ್ನೆಲ್ ಜೊತೆ ಗುದ್ದಾಡುವ ಬದಲು ಸಿಸ್ಟಮ್ ಜೊತೆಗೇ ಬರುವ ನುವೋ ಡ್ರೈವರಿನಲ್ಲೇ ಇದ್ದುಬಿಡಿ, ಆಫೀಸ್ ಕೆಲಸಕ್ಕೆ ಸಾಕು.

ಡೆಸ್ಕ್‌ಟಾಪ್ ಚೆನ್ನಾಗಿದೆ, ಯೂಟ್ಯೂಬ್ ಮಾತ್ರ ತಡವರಿಸುತ್ತದೆ ಅಂದರೆ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ನೋಡಿ. ಕೋಡೆಕ್ (ವಿಡಿಯೋವನ್ನು ಚಿಕ್ಕದಾಗಿ ಮಡಚಿಡುವ ವಿಧಾನ) ಎದುರು ‘ಎವಿ01’ ಅಂತಿದ್ದರೆ ಅದು ಎವಿ1 ಅನ್ನುವ ಕೋಡೆಕ್. ಇಂಟೆಲ್‌ನಲ್ಲಿ 11ನೇ ಜನರೇಷನ್‌ಗಿಂತ ಹಳೆಯ ಗ್ರಾಫಿಕ್ಸ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ, ಹೊರೆ ಸಿಪಿಯು ಮೇಲೆ ಬೀಳುತ್ತದೆ. ಫೈರ್‌ಫಾಕ್ಸಿನ ಅಬೌಟ್ ಕಾನ್ಫಿಗ್‌ನಲ್ಲಿ ‘ಮೀಡಿಯಾ ಡಾಟ್ ಎವಿ1 ಡಾಟ್ ಎನೇಬಲ್ಡ್’ ಅನ್ನು ಫಾಲ್ಸ್ ಮಾಡಿ. ಯೂಟ್ಯೂಬ್ ತಾನಾಗೇ ಬೇರೆ ಕೋಡೆಕ್ ಕೊಡುತ್ತದೆ.

ಇನ್ನೂ ಸರಿಹೋಗಲಿಲ್ಲವಾ? ಯಾರನ್ನಾದರೂ ಕೇಳುವ ಮುಂಚೆ ಆ ರೆಂಡರರ್ ಸಾಲು, ಯುನೇಮ್ ಮೈನಸ್ ಆರ್ ಕೊಡುವ ಕರ್ನೆಲ್ ನಂಬರ್, ಎಲ್ಎಸ್‌ಪಿಸಿಐ ಮೈನಸ್ ಕೆ ಕೊಟ್ಟಾಗ ಗ್ರಾಫಿಕ್ಸ್ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎದುರು ಇರುವ ಹೆಸರು, ಈ ಮೂರನ್ನು ಕಾಪಿ ಮಾಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ಮಾನಿಟರಿನ ಫೋಟೋ ಹೊಡೆದು ಕಳಿಸಬೇಡಿ ಮಾರಾಯ್ರೇ, ಒಂದಕ್ಷರವೂ ಕಾಣುವುದಿಲ್ಲ.