ಅಜೆಂಡಾದ ಹದಿನಾಲ್ಕು ಮತ್ತು ಹದಿನೈದನೇ ವಿಷಯ

ಪುರಸಭೆ ಸದಸ್ಯೆಯಾಗಿ ನಾನು ಕೂತ ಎರಡನೇ ಸಾಮಾನ್ಯ ಸಭೆ ಅದು. ಚರಂಡಿ, ಸಿಸಿ ರಸ್ತೆ, ಸಂತೆ ಸುಂಕದ ಹರಾಜು ಅಂತ ಹದಿಮೂರು ವಿಷಯಗಳಿಗೆ ಜೋರು ಚರ್ಚೆ ನಡೆಯಿತು. ಹದಿನಾಲ್ಕನೆಯದು ಜಾಕ್‌ವೆಲ್ (ನದಿ ನೀರು ಎತ್ತುವ ಬಾವಿ) ಪಂಪ್‌ಹೌಸಿನ ವಿದ್ಯುತ್ ಒಪ್ಪಂದಕ್ಕೆ ಘಟನೋತ್ತರ ಅನುಮೋದನೆ, ಅಂದರೆ ಆಗಲೇ ಆಗಿಹೋದದ್ದಕ್ಕೆ ಒಪ್ಪಿಗೆ. ಹದಿನೈದನೆಯದು ಕಾನೂನು ಸಲಹೆಗಾರರ ಅವಧಿ ಮುಂದುವರಿಸುವ ಬಗ್ಗೆ. ಅಷ್ಟು ಹೊತ್ತಿಗೆ ಊಟ ಬಂದಿತ್ತು. ಗುಮಾಸ್ತರು ಓದಿದರು, ಹಿಂದಿನ ಸಾಲಿನವರು ‘ಪಾಸ್, ಪಾಸ್’ ಅಂದರು. ಎರಡಕ್ಕೂ ಸೇರಿ ಎರಡು ನಿಮಿಷ ಹಿಡಿಯಲಿಲ್ಲ. ನಾನೂ ಕೈ ಎತ್ತಿದ್ದೆ.

ರಾತ್ರಿ ಅದೇ ತಲೆಯಲ್ಲಿ ಉಳಿಯಿತು. ಚುನಾವಣೆಗೆ ನಿಲ್ಲುವ ಮೊದಲು ನಾನು ಹನ್ನೊಂದು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವಳು. ಓದದ ಕಾಗದಕ್ಕೆ ಸಹಿ ಹಾಕಿ ಅಭ್ಯಾಸವಿಲ್ಲ. ಮಾರನೇ ದಿನ ಕಚೇರಿಗೆ ಹೋಗಿ ಒಪ್ಪಂದದ ಪ್ರತಿ, ಹಿಂದಿನ ಹನ್ನೆರಡು ತಿಂಗಳ ಬಿಲ್ ಎರಡನ್ನೂ ಕೇಳಿದೆ. ಒಪ್ಪಂದ ಸಿಕ್ಕಿತು. ಬಿಲ್ಲುಗಳ ಕಟ್ಟು ಬಿಚ್ಚಿಯೇ ಇರಲಿಲ್ಲ. ಕಾರಣವೂ ಇತ್ತು. ನೀರು ಸರಬರಾಜು ಮತ್ತು ಬೀದಿದೀಪದ ವಿದ್ಯುತ್ ಖರ್ಚಿಗೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಪ್ರತ್ಯೇಕ ಬಾಬತ್ತು ಇರುತ್ತದೆ. ನಮ್ಮ ಕೈಯಿಂದ ನೋಟು ಎಣಿಸಿ ಕೊಡುವುದಿಲ್ಲವಾದ್ದರಿಂದ ಆ ಬಿಲ್ ನಮ್ಮದು ಅಂತ ಯಾರಿಗೂ ಅನಿಸುತ್ತಿರಲಿಲ್ಲ.

ತುಂಗಭದ್ರೆಯ ದಂಡೆಯಲ್ಲಿದ್ದ ಪಂಪ್‌ಹೌಸಿಗೆ ಹೋದೆ. ಆಪರೇಟರ್ ಗೋಡೆಗೆ ಮೊಳೆ ಹೊಡೆದು ಒಂದು ರಟ್ಟಿನ ಪುಸ್ತಕ ನೇತುಹಾಕಿದ್ದ. ದಿನಕ್ಕೆ ಎರಡು ಸಲ ಮೀಟರ್ ರೀಡಿಂಗ್, ಪಂಪ್ ಓಡಿದ ಗಂಟೆ, ಕರೆಂಟ್ ಹೋದ ಹೊತ್ತು, ಎಲ್ಲ ನೀಲಿ ಪೆನ್ನಿನಲ್ಲಿ ಬರೆದಿಟ್ಟಿದ್ದ. ‘ನಾಲ್ಕು ವರ್ಷದಿಂದ ಬರೀತಿದೀನಿ ಅಕ್ಕ, ಯಾರೂ ಕೇಳಿಲ್ಲ’ ಅಂದ. ಆ ಪುಸ್ತಕವನ್ನು ಬಿಲ್ಲಿನ ಪಕ್ಕ ಇಟ್ಟು ನೋಡಿದಾಗ ವಿಷಯ ತಾನಾಗಿಯೇ ಬಿಚ್ಚಿಕೊಂಡಿತು.

ನಮ್ಮ ಎಚ್‌ಟಿ (ಹೈಟೆನ್ಷನ್) ಸಂಪರ್ಕದ ಒಪ್ಪಂದದ ಬೇಡಿಕೆ (ಕಾಂಟ್ರಾಕ್ಟ್ ಡಿಮಾಂಡ್), ಅಂದರೆ ಒಂದೇ ಹೊತ್ತಿಗೆ ಇಷ್ಟರವರೆಗೆ ಎಳೆಯುತ್ತೇವೆ ಅಂತ ಬರೆದುಕೊಟ್ಟ ಮಿತಿ, 200 ಕೆವಿಎ. ಅದು ಹಳೇ ಪಂಪುಗಳ ಕಾಲದ ಲೆಕ್ಕ. ಹೊಸ ಪಂಪ್ ಬಂದ ಮೇಲೆ ಮೀಟರಿನಲ್ಲಿ ದಾಖಲಾದ ಅತಿ ಹೆಚ್ಚು ಬೇಡಿಕೆ 118. ಆದರೂ ಒಪ್ಪಂದದ ಶೇಕಡಾ 85ಕ್ಕೆ, ಅಂದರೆ 170 ಕೆವಿಎಗೆ, ನಿಗದಿತ ಶುಲ್ಕ ಬೀಳುತ್ತಿತ್ತು. ಬಳಸದ 52 ಕೆವಿಎಗೆ ತಿಂಗಳು ತಿಂಗಳು ದುಡ್ಡು. ಇನ್ನೊಂದು ಸಾಲಿನಲ್ಲಿ ಪವರ್ ಫ್ಯಾಕ್ಟರ್, ಅಂದರೆ ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, 0.78 ಅಂತ ಇತ್ತು. ಅದು 0.90ಕ್ಕಿಂತ ಕೆಳಗಿಳಿದರೆ ಪ್ರತಿ 0.01ಕ್ಕೆ ಯೂನಿಟ್ಟಿಗೆ 3 ಪೈಸೆ ಹೆಚ್ಚುವರಿ ಶುಲ್ಕ. 12 ಹೆಜ್ಜೆ ಕೆಳಗೆ, ಯೂನಿಟ್ಟಿಗೆ 36 ಪೈಸೆ. ಆ ತಿಂಗಳು ಓಡಿದ್ದು 40,000 ಯೂನಿಟ್. 14,400 ರೂಪಾಯಿ ಬರೀ ದಂಡಕ್ಕೆ ಹೋಗಿತ್ತು. ಪವರ್ ಫ್ಯಾಕ್ಟರನ್ನು ಮೇಲೆತ್ತಬೇಕಿದ್ದ, ಮೂಲೆಯಲ್ಲಿದ್ದ ಕೆಪಾಸಿಟರ್ ಪ್ಯಾನೆಲ್ ಸುಟ್ಟು ಹೋಗಿ ಎಷ್ಟು ಕಾಲವಾಗಿತ್ತೋ, ಅದರ ಮೇಲೆ ಗುಬ್ಬಚ್ಚಿ ಗೂಡು ಕಟ್ಟಿತ್ತು.

ಮುಂದಿನ ಸಭೆಗೆ ನಾನು ಭಾಷಣ ತಯಾರಿ ಮಾಡಿಕೊಳ್ಳಲಿಲ್ಲ. ಒಂದೇ ಹಾಳೆಯಲ್ಲಿ ಈ ಅಂಕಿಗಳನ್ನು ಬರೆದು ಇಪ್ಪತ್ತಮೂರು ಜೆರಾಕ್ಸ್ ತೆಗೆಸಿ ಪ್ರತಿ ಸದಸ್ಯರ ಮುಂದೆ ಇಟ್ಟೆ. ಹಿರಿಯ ಸದಸ್ಯರೊಬ್ಬರು ‘ಆಗಲೇ ಪಾಸಾಗಿದೆಯಲ್ಲಮ್ಮ’ ಅಂದರು. ‘ಪಾಸಾಗಿರೋದು ಹಳೇ ಲೆಕ್ಕ ಅಣ್ಣ. ಬೇಡಿಕೆ ಕಡಿಮೆ ಮಾಡಿಸೋಕೆ ಅರ್ಜಿ ಕೊಡಬಹುದು, ಅದಕ್ಕೆ ಹೊಸ ಠರಾವು ಬೇಕು’ ಅಂದೆ. ಎಷ್ಟಕ್ಕೆ ಇಳಿಸಬೇಕು ಅನ್ನುವುದರ ಮೇಲೆ ನಿಜವಾದ ಚರ್ಚೆ ಆಯಿತು. 120ಕ್ಕೆ ಅಂದವರಿದ್ದರು. ಬೇಸಿಗೆಯಲ್ಲಿ ಎರಡನೇ ಪಂಪೂ ಓಡಿ ಒಪ್ಪಂದ ಮೀರಿದರೆ ಮೀರಿದಷ್ಟಕ್ಕೆ ದುಪ್ಪಟ್ಟು ದರ ಬೀಳುತ್ತದೆ ಅಂತ ಕಿರಿಯ ಎಂಜಿನಿಯರ್ ಎಚ್ಚರಿಸಿದರು. ಅವರ ಮಾತು ಸರಿಯಿತ್ತು. 140ಕ್ಕೆ ಒಪ್ಪಿದೆವು, ಕೆಪಾಸಿಟರಿಗೆ ದುಡ್ಡು ಇಟ್ಟೆವು. ಕಾಗದ ಓಡಾಡಿ ಹೊಸ ಒಪ್ಪಂದ ಕೈಗೆ ಬರಲು ಏಳು ತಿಂಗಳು ಹಿಡಿಯಿತು. ಕೆಪಾಸಿಟರ್ ಮಾತ್ರ ಎರಡೇ ವಾರದಲ್ಲಿ ಬಂತು, ಪವರ್ ಫ್ಯಾಕ್ಟರ್ 0.95ಕ್ಕೆ ಏರಿತು.

ಹದಿನೈದನೇ ವಿಷಯ, ಅಂದರೆ ಕಾನೂನು ಸಲಹೆಗಾರರಾದ ವಕೀಲರದ್ದು, ಇದಕ್ಕಿಂತ ಕಷ್ಟದ್ದು.

ಒಂದು ಬಡಾವಣೆಯ ಪಾರ್ಕ್ ಜಾಗದ ಮೇಲೆ ಖಾಸಗಿಯವರು ಪುರಸಭೆ ವಿರುದ್ಧ ದಾವೆ ಹೂಡಿದ್ದರು. ನಮ್ಮ ಮೇಲೆ ಎಕ್ಸ್‌ಪಾರ್ಟಿ ಡಿಕ್ರಿ (ನಮ್ಮ ಗೈರುಹಾಜರಿಯಲ್ಲಿ ಕೊಟ್ಟ ತೀರ್ಪು) ಆಗಿದೆ ಅಂತ ಗೊತ್ತಾಗಿದ್ದು, ಅವರು ಕಾಂಪೌಂಡಿಗೆ ಪಾಯ ತೋಡಿದ ದಿನ. ಸಭೆಯಲ್ಲಿ ಬೆಂಕಿ ಬಿತ್ತು. ‘ವಕೀಲರನ್ನ ಬದಲಾಯಿಸಿ’ ಅನ್ನುವುದೊಂದೇ ಮಾತು. ಹೊಸ ಹೆಸರುಗಳೂ ತಯಾರಾಗಿ ಬಂದಿದ್ದವು. ನಾನು ಕಡತ ಓದಿದ ಮೇಲೆ ತೀರ್ಮಾನ ಮಾಡೋಣ ಅಂದೆ. ಒಪ್ಪದಿದ್ದಾಗ ನನ್ನ ವಿರೋಧವನ್ನು ನಡವಳಿಯಲ್ಲಿ ಬರೆಯಿರಿ ಅಂತ ಕೇಳಿದೆ. ಬರೆಯಬೇಕಾಗಿ ಬಂದಾಗ ಅಧ್ಯಕ್ಷರು ವಿಷಯವನ್ನು ಒಂದು ತಿಂಗಳು ಮುಂದೂಡಿದರು.

ಕಡತದಲ್ಲಿ ಸಮನ್ಸ್ ಇತ್ತು, ಅದರ ಮೇಲೆ ಸ್ವೀಕೃತಿ ಮೊಹರೂ ಇತ್ತು. ಲಿಖಿತ ಹೇಳಿಕೆ ಸಲ್ಲಿಸಲು ಕಾನೂನಿನಲ್ಲಿ 30 ದಿನ, ನ್ಯಾಯಾಲಯ ಅವಕಾಶ ಕೊಟ್ಟರೆ 90 ದಿನ. ವಕೀಲರು ಕಂಡಿಕೆವಾರು ಉತ್ತರ ಮತ್ತು ಬಡಾವಣೆ ನಕ್ಷೆ ಕೇಳಿ ಬರೆದ ಮೂರು ಪತ್ರ ಅದೇ ಕಡತದಲ್ಲಿದ್ದವು. ಮೂರಕ್ಕೂ ಉತ್ತರ ಹೋಗಿರಲಿಲ್ಲ. ನಮ್ಮ ಪರ ನಿಲ್ಲಲು ವಕೀಲರಿಗೆ ಕೊಡುವ ವಕಾಲತ್ತಿಗೂ ಸಹಿ ಆಗಿರಲಿಲ್ಲ! ಸಹಿ ಮಾಡಬೇಕಿದ್ದ ಮುಖ್ಯಾಧಿಕಾರಿ ವರ್ಗವಾಗಿ ಹೋಗಿದ್ದರು, ಬಂದವರಿಗೆ ಯಾರೂ ಹೇಳಿರಲಿಲ್ಲ. ತಪ್ಪು ನಮ್ಮ ಮನೆಯೊಳಗೇ ಇತ್ತು. ವಕೀಲರನ್ನು ಬದಲಾಯಿಸಿದ್ದರೆ ಹೊಸಬರೂ ಅಂಥವೇ ಮೂರು ಪತ್ರ ಬರೆಯುತ್ತಿದ್ದರು.

ಮುಂದಿನ ಸಭೆಯಲ್ಲಿ ಅವರನ್ನೇ ಮುಂದುವರಿಸಿದೆವು, ಆದರೆ ಷರತ್ತು ಬರೆದೆವು. ಪುರಸಭೆಯ ಎದುರು ದಾವೆ ಇರುವ ಯಾರ ಪರವಾಗಿಯೂ ಅವರು ನಿಲ್ಲುವಂತಿಲ್ಲ. ತೀರ್ಪಿನ ದೃಢೀಕೃತ ಪ್ರತಿ ಸಿಕ್ಕ ಹತ್ತು ದಿನದೊಳಗೆ ಮೇಲ್ಮನವಿ ಬೇಕೋ ಬೇಡವೋ ಅಂತ ಲಿಖಿತ ಅಭಿಪ್ರಾಯ ಕೊಡಬೇಕು. ಕೆಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ ಇರುವುದು 30 ದಿನ, ಹೈಕೋರ್ಟಿಗೆ 90. ನಮ್ಮ ಕಡೆಯಿಂದ ಒಬ್ಬ ಗುಮಾಸ್ತರಿಗೆ ಮೊಕದ್ದಮೆಗಳ ವಹಿ ಒಪ್ಪಿಸಿದೆವು. ಶುಲ್ಕ ಹೆಚ್ಚಿಸಿದ್ದಕ್ಕೆ ಆಕ್ಷೇಪ ಬಂತು. ಮೊದಲಿದ್ದ ಶುಲ್ಕ ಟೈಪಿಂಗು, ಜೆರಾಕ್ಸಿಗೂ ಸಾಲುತ್ತಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದೆ.

ವಹಿ ತೆರೆದಾಗ ನಮ್ಮ ಮೇಲೆ ಎಷ್ಟು ಕೇಸಿದೆ ಅಂತ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೂ ಗುಮಾಸ್ತರೂ ಕೂತು ಇ-ಕೋರ್ಟ್ಸ್ ಆ್ಯಪಿನಲ್ಲಿ ಪುರಸಭೆಯ ಹೆಸರು ಹಾಕಿ ಹುಡುಕಿದೆವು. ಕಾಗುಣಿತ ಬೇರೆ ಬೇರೆ ಇದ್ದುದರಿಂದ ನಾಲ್ಕೈದು ಥರ ಹಾಕಿ ನೋಡಬೇಕಾಯಿತು. ಕಚೇರಿಯಲ್ಲಿ ಕಡತವೇ ಇಲ್ಲದ ಆರು ದಾವೆಗಳು ಸಿಕ್ಕವು, ಅದರಲ್ಲಿ ಎರಡಕ್ಕೆ ಮುಂದಿನ ವಾರವೇ ತಾರೀಖು.

ಪಾರ್ಕಿನ ಡಿಕ್ರಿ ರದ್ದುಪಡಿಸಲು ಅರ್ಜಿ ಹಾಕಿದೆವು, ತಡ ಮನ್ನಿಸಲು ಇನ್ನೊಂದು. ಖರ್ಚು ಕಟ್ಟಿಸಿಕೊಂಡು ನ್ಯಾಯಾಲಯ ಒಪ್ಪಿತು. ದಾವೆ ಮತ್ತೆ ಮೊದಲಿಂದ ಶುರುವಾಗಿದೆ. ನನ್ನ ಅವಧಿ ಮುಗಿಯಿತು, ಅದು ಮುಗಿದಿಲ್ಲ. ಮಕ್ಕಳು ಸಂಜೆ ಅಲ್ಲಿ ಆಡುತ್ತಾರೆ, ತೋಡಿದ ಪಾಯದ ಗುಂಡಿಯ ಒಂದು ಕೊನೆ ಇನ್ನೂ ಮುಚ್ಚಿಲ್ಲ. ವಹಿ ಈಗಲೂ ಆ ಗುಮಾಸ್ತರ ಮೇಜಿನ ಮೇಲಿದೆ. ತಾರೀಖು ಬಂದಾಗ ನನಗೊಂದು ಫೋನ್ ಮಾಡುತ್ತಾರೆ.