ಕಾಪುವಿನ ಮಳೆಗಾಲದ ಸಂಜೆ, ಅರ್ಧ ಸೆಕೆಂಡಿನ ಶಟರ್

ಉಡುಪಿ ಬಳಿಯ ಕಾಪುವಿನ ದೀಪಸ್ತಂಭ 1901ರದ್ದು. ಚಳಿಗಾಲದ ತಿಳಿ ಆಕಾಶದಲ್ಲಿ ಅದನ್ನು ಯಾರು ತೆಗೆದರೂ ಹೆಚ್ಚುಕಮ್ಮಿ ಒಂದೇ ಚಿತ್ರ ಬರುತ್ತದೆ. ನಾನು ಹೋಗುವುದು ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಮತ್ತೆ ಸೆಪ್ಟೆಂಬರಿನಲ್ಲಿ. ಒಂದೇ ಸಂಜೆಗೆ ಮಳೆ, ಬಿಸಿಲು, ಮೋಡ ಮೂರೂ ಬಂದುಹೋಗುವ ಕಾಲ ಅದು.

ಜಾಗ ಮೊದಲು. ಈ ಕರಾವಳಿಯಲ್ಲಿ ಸೂರ್ಯ ಜೂನಿನಲ್ಲಿ ನೇರ ಪಡುವಣಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ ಮುಳುಗಿದರೆ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಹಾಗಾಗಿ ಗೋಪುರದ ಹಿಂದೆ ಸೂರ್ಯ ಬೇಕೆಂದರೆ ಜೂನಿನಲ್ಲಿ ದಕ್ಷಿಣ ಬದಿಯ ಮರಳು, ಡಿಸೆಂಬರಿನಲ್ಲಿ ಉತ್ತರ ಬದಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತ ಶುರುವಾಗಿ ಒಂದೆರಡು ಗಂಟೆಯಾದಾಗ ಸೂರ್ಯಾಸ್ತ ಬರುವ ದಿನ ಆರಿಸುತ್ತೇನೆ. ಆಗ ಕಲ್ಲು ಇನ್ನೂ ಒದ್ದೆ, ಬೆಳಕು ಹಿಡಿಯುತ್ತದೆ, ನೀರು ಬೆನ್ನಟ್ಟುವುದಿಲ್ಲ. ಕ್ಯಾಮೆರಾ ತೆಗೆಯುವ ಮುನ್ನ ಕಾಲು ಗಂಟೆ ಅಲೆ ನೋಡಬೇಕು. ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂತೋ ಅದಕ್ಕಿಂತ ಮೇಲೆಯೇ ಬ್ಯಾಗು. ಪಾಚಿ ಕಟ್ಟಿದ ಕಪ್ಪು ಬಂಡೆಯ ಮೇಲೆ ಮಳೆಗಾಲದಲ್ಲಿ ಕಾಲಿಡುವ ಮಾತೇ ಇಲ್ಲ. ಗುಡುಗು ಕೇಳಿಸಿದರೆ ಟ್ರೈಪಾಡ್ ಮಡಚಿ ಹೊರಡುವುದೇ.

ಬೆಳಕು ಬದಲಾದಂತೆ ಹೆಚ್ಚಿನವರು ಶಟರ್ ವೇಗವನ್ನೇ, ಅಂದರೆ ಕ್ಯಾಮೆರಾದೊಳಗೆ ಬೆಳಕು ಬರುವ ಅವಧಿಯನ್ನೇ, ತಿರುಗಿಸುತ್ತಾರೆ. ಕಡಲಲ್ಲಿ ಅದು ಸರಿಯಲ್ಲ, ಏಕೆಂದರೆ ನೀರಿನ ಆಕಾರ ನಿಂತಿರುವುದೇ ಶಟರ್ ಮೇಲೆ. ಹಿಂದೆ ಸರಿಯುವ ನೀರು ಮರಳ ಮೇಲೆ ನೊರೆಯ ಎಳೆ ಬಿಡುವುದು ಅರ್ಧ ಸೆಕೆಂಡಿಂದ ಒಂದು ಸೆಕೆಂಡಿನೊಳಗೆ. ಕಾಲು ಸೆಕೆಂಡಿಗಿಂತ ಕಡಿಮೆಯಾದರೆ ಎಳೆ ಕೂಡುವುದಿಲ್ಲ. ಮೂವತ್ತು ಸೆಕೆಂಡಿಗೆ ಹೋದರೆ ಎಲ್ಲ ಹೊಗೆ. ಮುಂಗಾರಿನ ಕಡಲಿಗೆ ಅಷ್ಟು ಸೌಮ್ಯತೆ ಒಪ್ಪುವುದೂ ಇಲ್ಲ. ಅದಕ್ಕೇ ಎಫ್ 11 (ಲೆನ್ಸಿನ ಕಿಂಡಿಯ ಅಳತೆ), ಅರ್ಧ ಸೆಕೆಂಡು ಎರಡನ್ನೂ ಕಟ್ಟಿಹಾಕಿ ಫಿಲ್ಟರ್ ಮತ್ತು ಸೆನ್ಸರಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಓಗಳಲ್ಲಿ ಬೆಳಕನ್ನು ಸರಿದೂಗಿಸುತ್ತೇನೆ. ಸಂಜೆ ಐದರ ಬೆಳ್ಳನೆ ಮೋಡಕ್ಕೆ ಆರು ಸ್ಟಾಪಿನ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ), ಬೆಳಕು ತಗ್ಗಿಸುವ ಬೂದು ಗಾಜಾದ ಎನ್‌ಡಿ, ಮುಳುಗುವ ಹೊತ್ತಿಗೆ ಮೂರು ಸ್ಟಾಪಿನದು, ಆಮೇಲೆ ಫಿಲ್ಟರ್ ತೆಗೆದು ಐಎಸ್‌ಓ 100ರಿಂದ 200, 400.

ಫೋಕಸ್ ಕೈಯಿಂದಲೇ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 16 ಎಂಎಂ ಲೆನ್ಸ್, ಎಫ್ 11 ಆದರೆ ಲೆಕ್ಕದ ಪ್ರಕಾರ 0.8 ಮೀಟರಿಗೆ ಫೋಕಸ್ ಇಟ್ಟರೆ ದಿಗಂತದವರೆಗೆ ಸ್ಪಷ್ಟ. ದೂರದ ಗೋಪುರ ತುಸು ಮೆತ್ತಗಾಗುವುದರಿಂದ ನಾನು ಒಂದೂವರೆ ಮೀಟರಿಗೆ ಇಡುತ್ತೇನೆ. ಬಣ್ಣದ ಛಾಯೆ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಡೇಲೈಟಿಗೇ ಬಿಡಬೇಕು. ಆಟೋದಲ್ಲಿ ಮೋಡದ ನೀಲಿಯೂ ಹೊಳೆ ತಂದ ಕೆಂಪು ಮಣ್ಣಿನ ಛಾಯೆಯೂ ಬೂದಿಯಾಗಿಬಿಡುತ್ತವೆ.

ಮೇಲರ್ಧ ಮಾತ್ರ ಕಪ್ಪಾದ ಗ್ರಾಜುಯೇಟೆಡ್ ಫಿಲ್ಟರ್ ಇಲ್ಲಿ ಬೇಡ, ಗೋಪುರದ ತಲೆ ಕಪ್ಪಾಗುತ್ತದೆ. ಬದಲಿಗೆ ಆಕಾಶಕ್ಕೆಂದು ಎರಡು ಸ್ಟಾಪ್ ಕಡಿಮೆಯದೊಂದು ಫ್ರೇಮ್ ತೆಗೆದು, ಮನೆಯಲ್ಲಿ ಆಕಾಶವನ್ನಷ್ಟೇ ಜೋಡಿಸುತ್ತೇನೆ. ನೀರನ್ನು ಎರಡು ಫ್ರೇಮಿನಿಂದ ಬೆರೆಸಿದರೆ ಅಲೆ ಎರಡೆರಡಾಗಿ ಕಾಣುತ್ತದೆ. ಗೋಪುರದ ಬಿಳಿ ಭಾಗ ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಬಲತುದಿಗೆ ತಾಗಿತೋ ಎಂದು ನೋಡುತ್ತಿರಬೇಕು.

ಮೋಡಕ್ಕೂ ದಿಗಂತಕ್ಕೂ ನಡುವೆ ಬಿರುಕಿದ್ದರೆ ಕಾಯಿರಿ. ಸೂರ್ಯ ಅಲ್ಲಿಗಿಳಿದಾಗ ಕೆಲವೇ ನಿಮಿಷ ಮೋಡದ ಅಡಿಭಾಗವೆಲ್ಲ ಉರಿಯುತ್ತದೆ. ಅದೇ ಹೊತ್ತು ಮೂಡಣದಲ್ಲಿ ಮಳೆಯಿದ್ದರೆ ಬೆನ್ನ ಹಿಂದೆ ಕಾಮನಬಿಲ್ಲು. ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದ್ದರೆ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಬಿಲ್ಲಿನ ಒಂದು ಭಾಗ ಬಹುತೇಕ ಮಾಯವಾಗುತ್ತದೆ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ದಿಗಂತ ಖಾಲಿ. ದೋಣಿದೀಪಗಳ ಸಾಲು ಬೇಕಾದವರು ಸೆಪ್ಟೆಂಬರಿಗೆ ಹೋಗಬೇಕು.

ಅಲೆ ಹಿಂದೆ ಹೋಗುವಾಗ ಟ್ರೈಪಾಡ್ ಕಾಲಿನ ಸುತ್ತಲ ಮರಳನ್ನು ಕೊರೆದೊಯ್ಯುತ್ತದೆ, ಕಾಲು ಕುಸಿದು ಚಿತ್ರ ಅಲುಗುತ್ತದೆ. ಗಟ್ಟಿ ತಾಗುವವರೆಗೆ ಒತ್ತಿ ಊರಿ, ಎರಡು ಅಲೆ ಬಿಟ್ಟು ಮೂರನೆಯದಕ್ಕೆ ಕ್ಲಿಕ್. ಕೆಳಗಿನ ಭಾಗವನ್ನು ಮೊದಲೇ ಉದ್ದ ಎಳೆದುಕೊಂಡರೆ ಕೀಲಿಗೆ ಉಪ್ಪುನೀರು ಮುಟ್ಟುವುದಿಲ್ಲ.

ಲೆನ್ಸಿನ ಮೇಲೆ ಕೂತ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬ್ಲೋಯರ್, ಆಮೇಲೆ ಸಿಹಿನೀರಲ್ಲಿ ಹಿಂಡಿದ ಮೈಕ್ರೋಫೈಬರ್, ಕೊನೆಗೆ ಒಣದು. ಎಸಿ ಕೋಣೆಯಿಂದ ಹೊರಟಿದ್ದರೆ ಅರ್ಧ ಗಂಟೆ ಬ್ಯಾಗು ತೆರೆಯಬೇಡಿ, ಮಂಜು ಕಟ್ಟುತ್ತದೆ. ಮನೆಗೆ ಬಂದ ರಾತ್ರಿಯೇ ಟ್ರೈಪಾಡ್ ಕಾಲು ಬಿಚ್ಚಿ ತೊಳೆದು, ಲೆನ್ಸನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಒಣಗಿಸಿ ಮತ್ತೆ ಹಾಕಬೇಕು, ಇಲ್ಲದಿದ್ದರೆ ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಹಿಡಿಯಲು ಹೆಚ್ಚು ದಿನ ಬೇಕಿಲ್ಲ.