ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಹೆಸರು ಸರಿಯಿದೆಯಾ ನೋಡಿ

ಮೊದಲ ಕೆಲಸ ಹುಡುಕುತ್ತಿರುವ ತಮ್ಮ ತಂಗಿಯರೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರನ್ನೂ ಇವತ್ತೇ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮಲ್ಲಿ ಮಾಮೂಲು. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಗೆ, ಪಿಎಫ್ ಖಾತೆಗೆ ಆಧಾರ್ ಜೋಡಿಸುವುದಕ್ಕೆ ಇದೇ ಅಡ್ಡಿಯಾಗುತ್ತದೆ. ನನ್ನ ತಂಗಿ ಕೆಲಸಕ್ಕೆ ಸೇರುವ ವಾರವೇ ಇದಕ್ಕಾಗಿ ಅಲೆದಾಡಿ ಅತ್ತುಬಿಟ್ಟಳು. ಅಂಕಪಟ್ಟಿಗೆ ಹೊಂದುವಂತೆ ಆಧಾರ್ ತಿದ್ದಿಸಿ. ಹೆಸರಿಗೆ 2 ಸಲ, ಹುಟ್ಟಿದ ದಿನಾಂಕಕ್ಕೆ 1 ಸಲ ಮಾತ್ರ ಅವಕಾಶ, ಹಾಗಾಗಿ ಅಕ್ಷರ ಅಕ್ಷರ ಓದಿ ಸಹಿ ಹಾಕಿ.

ಇನ್ನು ಇಂಟರ್‌ವ್ಯೂನಲ್ಲಿ ಹೊಸಬರಿಗೆ ಕಾಲೇಜಿನ ಪ್ರಾಜೆಕ್ಟನ್ನೇ ಕೆದಕಿ ಕೇಳುತ್ತಾರೆ. ಅದರಲ್ಲಿ ನೀವೇ ಮಾಡಿದ್ದು ಯಾವುದು ಅಂತ ಅಮ್ಮನಿಗೆ ಅರ್ಥವಾಗುವ ಹಾಗೆ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ.